ಯೂರಿಪಿಡೀಸ್: ಕರಪತ್ರಕ್ಕೆ ಏನು ಬರೆಯಬೇಕು, ಏನು ಬಿಡಬೇಕು?

ಪ್ರಶ್ನೆ: ನಮ್ಮದು ಹದಿನೈದು ಜನರ ಹವ್ಯಾಸಿ ನಾಟಕ ತಂಡ. ಬ್ಯಾಂಕು, ಶಾಲೆ, ಅಂಗಡಿ ಕೆಲಸ ಮುಗಿಸಿ ಸಂಜೆ ಸೇರುವವರು. ಈ ವರ್ಷ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಮೆಡಿಯಾ’ ಆಡೋಣ ಅಂತ ತೀರ್ಮಾನ ಮಾಡಿದ್ದೇವೆ. ಕರಪತ್ರಕ್ಕೆ ಅವನ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹುಡುಕಿದಾಗ ಸಿಕ್ಕಿದ್ದು ಇಷ್ಟು: ಸಲಾಮಿಸ್ ಯುದ್ಧದ ದಿನವೇ ಹುಟ್ಟಿದ. ತಾಯಿ ಸೊಪ್ಪು ಮಾರುತ್ತಿದ್ದಳು. ಇಬ್ಬರು ಹೆಂಡತಿಯರೂ ಮೋಸ ಮಾಡಿದ್ದರಿಂದ ಹೆಂಗಸರನ್ನು ದ್ವೇಷಿಸುತ್ತಿದ್ದ. ಗುಹೆಯಲ್ಲಿ ಕೂತು ಬರೆಯುತ್ತಿದ್ದ. ಕೊನೆಗೆ ರಾಜನ ಬೇಟೆನಾಯಿಗಳು ಅವನನ್ನು ಹರಿದು ಕೊಂದವು. ಇದನ್ನು ಓದಿದ ಮೇಲೆ ಮೆಡಿಯಾ ಪಾತ್ರ ಮಾಡುವವರು, ‘ಹೆಂಗಸರನ್ನು ದ್ವೇಷಿಸುವವನ ನಾಟಕ ನಾವ್ಯಾಕೆ ಆಡಬೇಕು? ಮಕ್ಕಳನ್ನು ಕೊಲ್ಲುವ ತಾಯಿಯನ್ನು ಸೃಷ್ಟಿಸಿದ್ದೇ ಅದಕ್ಕಿರಬೇಕು’ ಎಂದರು. ಈಗ ತಂಡದಲ್ಲೇ ಎರಡು ಗುಂಪು. ಅವನ ನಾಟಕಗಳು ಉಳಿದಿರುವುದು ಒಂದು ಕಡೆ 18 ಅಂತಿದೆ, ಇನ್ನೊಂದು ಕಡೆ 19. ಯಾವುದನ್ನು ನಂಬಬೇಕು? ‘ಮೆಡಿಯಾ’ ಬಿಟ್ಟು ಬೇರೆ ನಾಟಕ ಹಿಡಿಯಬೇಕೆ? ಯಾವ ಪಠ್ಯ ಇಟ್ಟುಕೊಂಡು ಕನ್ನಡಕ್ಕೆ ತರಬೇಕು?

ಉತ್ತರ: ನಿಮ್ಮ ಪಟ್ಟಿಯ ಐದು ಸಂಗತಿಗಳಲ್ಲಿ ಒಂದನ್ನೂ ಹಾಗೇ ಅಚ್ಚು ಹಾಕಿಸಬೇಡಿ. ಎಲ್ಲವೂ ಪೂರ್ತಿ ಸುಳ್ಳು ಅಂತಲ್ಲ. ಆದರೆ ಒಂದೊಂದೂ ಎಲ್ಲಿಂದ ಬಂತು ಅಂತ ಜಾಡು ಹಿಡಿದು ಹಿಂದಕ್ಕೆ ಹೋದರೆ, ನಾವು ತಲುಪುವುದು ಹೆಚ್ಚಾಗಿ ಅಥೆನ್ಸಿನ ಯಾವುದೋ ಹಾಸ್ಯ ನಾಟಕದ ಜೋಕಿಗೆ. ಇಲ್ಲವೇ ಯೂರಿಪಿಡೀಸನೇ ಬರೆದ ನಾಟಕದ ಒಂದು ಸನ್ನಿವೇಶಕ್ಕೆ. ಅವನು ಸತ್ತು ನೂರಾರು ವರ್ಷ ಆದಮೇಲೆ ಜೀವನಚರಿತ್ರೆ ಬರೆಯಲು ಕೂತವರಿಗೆ ಬೇರೆ ಸಾಮಗ್ರಿ ಇರಲಿಲ್ಲ. ನಾಟಕದೊಳಗಿಂದ ಒಂದಿಷ್ಟು ತೆಗೆದು ಅವನ ಬದುಕಿಗೆ ಅಂಟಿಸಿದರು. ಈಗ ನಾವು ಅದೇ ಬದುಕನ್ನು ತೋರಿಸಿ ನಾಟಕವನ್ನು ಅಳೆಯುತ್ತಿದ್ದೇವೆ. ನಿಮ್ಮ ತಂಡದ ಜಗಳದ ಬೇರು ಇರುವುದು ಇಲ್ಲೇ.

ಗಟ್ಟಿಯಾಗಿ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಯೂರಿಪಿಡೀಸ್ ಹುಟ್ಟಿದ್ದು ಕ್ರಿ.ಪೂ. 480ರ ಆಸುಪಾಸಿನಲ್ಲಿ. ಅಥೆನ್ಸಿನ ಪ್ರಜೆ, ಫ್ಲಿಯಾ ಎಂಬ ಹಳ್ಳಿ ವಿಭಾಗಕ್ಕೆ ಸೇರಿದವನು. ವಸಂತಕಾಲದಲ್ಲಿ ಡಯೋನಿಸಸ್ ದೇವರ ಹಬ್ಬಕ್ಕೆ ನಡೆಯುತ್ತಿದ್ದ ನಾಟಕ ಸ್ಪರ್ಧೆಗೆ ಮೊದಲ ಸಲ ಇಳಿದದ್ದು ಕ್ರಿ.ಪೂ. 455ರಲ್ಲಿ. ಅಲ್ಲಿ ಸ್ಪರ್ಧಿಸುತ್ತಿದ್ದವರೇ ಮೂವರು. ಇವನಿಗೆ ಮೂರನೇ ಸ್ಥಾನ! ಮೊದಲ ಬಹುಮಾನಕ್ಕೆ 441ರವರೆಗೆ ಕಾಯಬೇಕಾಯಿತು. ಬದುಕಿದ್ದಾಗ ಗೆದ್ದದ್ದು ನಾಲ್ಕೇ ಸಲ, ಸತ್ತ ಮೇಲೆ ಇನ್ನೊಂದು ಸಲ. ತೀರಿಕೊಂಡದ್ದು 406ರ ಹೊತ್ತಿಗೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಯಾಕೆಂದರೆ ಯಾರು ಯಾವ ವರ್ಷ ಯಾವ ನಾಟಕ ಆಡಿಸಿದರು, ಯಾರಿಗೆ ಎಷ್ಟನೇ ಸ್ಥಾನ ಬಂತು ಅಂತ ಅಥೆನ್ಸ್ ನಗರ ದಾಖಲೆ ಇಡುತ್ತಿತ್ತು. ಅರಿಸ್ಟಾಟಲ್ ಅದನ್ನು ಒಟ್ಟುಮಾಡಿದ್ದ. ಅದರ ಚೂರುಗಳು ನಮ್ಮವರೆಗೂ ಬಂದಿವೆ.

ಈಗ ನಿಮ್ಮ ಪಟ್ಟಿ. ಸಲಾಮಿಸ್ ಯುದ್ಧದ ದಿನ ಹುಟ್ಟಿದ ಅನ್ನುವುದು ಚೆಂದದ ಜೋಡಣೆ ಅಷ್ಟೇ. ಪರ್ಷಿಯನ್ನರ ಹಡಗುಪಡೆಯನ್ನು ಗ್ರೀಕರು ಸೋಲಿಸಿದ ಆ 480ರ ಯುದ್ಧದ ಹೊತ್ತಿಗೆ ಈಸ್ಕಿಲಸ್ ಸೈನಿಕನಾಗಿ ಹೋರಾಡಿದ, ಹುಡುಗ ಸಾಫೊಕ್ಲೀಸ್ ವಿಜಯೋತ್ಸವದಲ್ಲಿ ಕುಣಿದ, ಯೂರಿಪಿಡೀಸ್ ಹುಟ್ಟಿದ ಅಂತ ಹಳಬರು ಮೂವರು ರುದ್ರನಾಟಕಕಾರರನ್ನು ಒಂದೇ ದಾರಕ್ಕೆ ಪೋಣಿಸಿದ್ದರು. ಮಕ್ಕಳಿಗೆ ಕಲಿಸೋಕೆ ಸುಲಭ. ಆದರೆ ಪಾರೋಸ್ ದ್ವೀಪದಲ್ಲಿ ಸಿಕ್ಕ, ಕ್ರಿ.ಪೂ. ಮೂರನೇ ಶತಮಾನದ ಕಾಲಗಣನೆಯ ಶಾಸನ ಅವನ ಹುಟ್ಟನ್ನು 484ರ ಸುಮಾರಿಗೆ ಇಡುತ್ತದೆ. ‘480ರ ದಶಕ’ ಅಂತ ಬರೆದರೆ ಯಾರೂ ತಪ್ಪು ಹುಡುಕುವಂತಿಲ್ಲ.

ಸೊಪ್ಪು ಮಾರುವ ತಾಯಿ ಬಂದದ್ದು ಅರಿಸ್ಟೋಫನೀಸ್‌ನಿಂದ. ಅಥೆನ್ಸಿನ ದೊಡ್ಡ ಹಾಸ್ಯ ನಾಟಕಕಾರ ಅವನು. ಯೂರಿಪಿಡೀಸನ ಕಾಲೆಳೆಯುವುದೆಂದರೆ ಅವನಿಗೆ ಊಟಕ್ಕಿಂತ ಇಷ್ಟ. ಒಂದಲ್ಲ, ಹಲವು ನಾಟಕಗಳಲ್ಲಿ ಈ ಸೊಪ್ಪಿನ ಜೋಕು ಬರುತ್ತದೆ. ಜನ ಯಾಕೆ ನಗುತ್ತಿದ್ದರು ಅನ್ನುವುದು ಈಗ ಯಾರಿಗೂ ಅರ್ಥವಾಗುವುದಿಲ್ಲ. ಆದರೆ ನಿಜ ಇದಕ್ಕೆ ಉಲ್ಟಾ ಇದ್ದಂತಿದೆ. ಅಥೆನ್ಸಿನ ಇತಿಹಾಸ ಬರೆದ ಫಿಲೊಕೊರಸ್, ತಾಯಿ ಒಳ್ಳೆ ಮನೆತನದವಳು ಎಂದಿದ್ದಾನೆ. ಯೂರಿಪಿಡೀಸ್ ಹುಡುಗನಾಗಿದ್ದಾಗ ನಗರದ ಗಣ್ಯರು ದೇವರ ಮುಂದೆ ಕುಣಿಯುವಾಗ ಅವರಿಗೆ ದ್ರಾಕ್ಷಾರಸ ಬಡಿಸುವ ಸೇವೆ ಅವನಿಗೆ ಸಿಕ್ಕಿತ್ತಂತೆ. ಅಂಥ ಸೇವೆ ಬಡವರ ಮಕ್ಕಳಿಗೆ ಸಿಗುತ್ತಿರಲಿಲ್ಲ.

ನನಗೆ ಇದಕ್ಕಿಂತ ಗಟ್ಟಿ ಅನಿಸುವ ಸಾಕ್ಷಿ ಅರಿಸ್ಟಾಟಲ್ ಹೇಳುವ ಒಂದು ಕೋರ್ಟು ಕೇಸು. ಅಥೆನ್ಸಿನಲ್ಲಿ ಯುದ್ಧದ ಹಡಗು, ಹಬ್ಬದ ಮೇಳ ಇಂಥ ಖರ್ಚುಗಳನ್ನು ಶ್ರೀಮಂತರ ತಲೆಗೆ ಕಟ್ಟುತ್ತಿದ್ದರು. ಹಾಗೆ ಸಿಕ್ಕಿಬಿದ್ದವನು, ‘ನನಗಿಂತ ಅವನು ಶ್ರೀಮಂತ. ಖರ್ಚು ಅವನೇ ವಹಿಸಲಿ, ಇಲ್ಲಾಂದ್ರೆ ನನ್ನ ಆಸ್ತಿ ತಗೊಂಡು ಅವನದ್ದು ನನಗೆ ಕೊಡಲಿ’ ಅಂತ ಇನ್ನೊಬ್ಬನ ಮೇಲೆ ದಾವೆ ಹಾಕಬಹುದಿತ್ತು. ಹೈಜಿಯನಾನ್ ಎಂಬವನ ಜೊತೆ ಯೂರಿಪಿಡೀಸನಿಗೆ ಇಂಥದ್ದೇ ಆಸ್ತಿ ಬದಲಾವಣೆಯ ಕೇಸು ಇತ್ತು. ಎದುರಾಳಿ ಅಲ್ಲಿ ಅವನದೇ ‘ಹಿಪ್ಪೊಲಿಟಸ್’ ನಾಟಕದ ಸಾಲು ತೆಗೆದು ತೋರಿಸಿದ. ‘ಆಣೆ ಇಟ್ಟದ್ದು ನಾಲಿಗೆ, ಮನಸ್ಸಲ್ಲ’ ಎಂದು ಬರೆದವನು ಇವನು, ಇವನ ಆಣೆಯನ್ನು ಹೇಗೆ ನಂಬುತ್ತೀರಿ ಎಂಬ ವಾದ. ಯೂರಿಪಿಡೀಸನ ಉತ್ತರ ಚುರುಕಾಗಿತ್ತು: ಆ ಮಾತಿಗೆ ಲೆಕ್ಕ ಕೊಡಬೇಕಾದ್ದು ನಾಟಕ ಸ್ಪರ್ಧೆಯಲ್ಲಿ, ಅಲ್ಲಿ ಕೊಟ್ಟಾಗಿದೆ, ಬೇಕಿದ್ದರೆ ಮತ್ತೆ ಕೊಡುತ್ತೇನೆ, ಅದನ್ನು ಕೋರ್ಟಿಗೆ ತರಬೇಡಿ. ಪಾತ್ರದ ಮಾತನ್ನು ಬರೆದವನ ಮೇಲೆ ಹೊರಿಸುವ ಚಾಳಿ ಅವನು ಬದುಕಿದ್ದಾಗಲೇ ಶುರುವಾಗಿತ್ತು ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಗುಹೆಯ ಕಥೆ ಸ್ವಲ್ಪ ಬೇರೆ. ಸಲಾಮಿಸ್ ದ್ವೀಪದಲ್ಲಿ ಒಂದು ಗುಹೆಯಲ್ಲಿ ಅವನು ಬರೆಯುತ್ತಿದ್ದ ಅಂತ ಹಳೆಯ ಕಾಲದಿಂದಲೂ ಹೇಳುತ್ತಿದ್ದರು. ಕ್ರಿ.ಶ. ಎರಡನೇ ಶತಮಾನದ ರೋಮನ್ ಲೇಖಕ ಆಲಸ್ ಜೆಲಿಯಸ್ ತಾನೇ ಹೋಗಿ ಆ ಕತ್ತಲೆ ಗುಹೆಯನ್ನು ನೋಡಿ ಬಂದೆ ಎಂದಿದ್ದಾನೆ. 1990ರ ದಶಕದಲ್ಲಿ ದ್ವೀಪದ ದಕ್ಷಿಣ ಭಾಗದ ಪೆರಿಸ್ಟೀರಿಯಾದಲ್ಲಿ ಒಂದು ಗುಹೆಯನ್ನು ಅಗೆದಾಗ ಯೂರಿಪಿಡೀಸನ ಹೆಸರಿನ ಅಕ್ಷರಗಳಿರುವ ಬಟ್ಟಲಿನ ಚೂರು ಸಿಕ್ಕಿತು. ಸುದ್ದಿ ದೊಡ್ಡದಾಯಿತು. ಆದರೆ ಅಕ್ಷರ ಕೊರೆದದ್ದು ಬಟ್ಟಲು ಮಾಡಿದ ಎಷ್ಟೋ ಕಾಲದ ನಂತರ. ಅಭಿಮಾನಿ ಯಾರೋ ಕಾಣಿಕೆ ಇಟ್ಟಿರಬೇಕು. ಅಂದರೆ ಅದು ‘ಯೂರಿಪಿಡೀಸನ ಗುಹೆ’ ಅಂತ ಹಳೆ ಕಾಲದ ಯಾತ್ರಿಕರು ನಂಬಿದ್ದರು ಅನ್ನುವುದು ನಿಜ. ಅವನು ಅಲ್ಲಿ ಕೂತು ಬರೆದ ಅನ್ನುವುದಕ್ಕೆ ಆ ಚೂರು ಸಾಕ್ಷಿಯಲ್ಲ.

ಇನ್ನು ನಾಯಿಗಳು. ವಯಸ್ಸಾದ ಮೇಲೆ ಅವನು ಮ್ಯಾಸಿಡೋನಿಯಾದ ರಾಜ ಆರ್ಕೆಲಾಸ್‌ನ ಆಸ್ಥಾನಕ್ಕೆ ಹೋದ, ಅಲ್ಲೇ ಸತ್ತ ಅನ್ನುವುದನ್ನು ಬಹಳ ವಿದ್ವಾಂಸರು ಒಪ್ಪುತ್ತಾರೆ, ಕೆಲವರು ಅದನ್ನೂ ಒಪ್ಪುವುದಿಲ್ಲ. ಆದರೆ ಸಾವಿನ ರೀತಿ? ಒಂದು ಕಥೆಯಲ್ಲಿ ನಾಯಿಗಳು ಹರಿದವು. ಇನ್ನೊಂದರಲ್ಲಿ ಹೆಂಗಸರು ಹರಿದರು. ಈಗ ಅವನ ಕೊನೆಯ ನಾಟಕಗಳಲ್ಲಿ ಒಂದಾದ ‘ಬ್ಯಾಕೆ’ ತೆಗೆದು ನೋಡಿ. ಅದರಲ್ಲಿ ರಾಜ ಪೆಂಥಿಯಸ್‌ನನ್ನು ದೇವರು ಮೈಮೇಲೆ ಬಂದ ಹೆಂಗಸರು ಹರಿದು ಹಾಕುತ್ತಾರೆ. ಅವನ ದೊಡ್ಡಮ್ಮನ ಮಗ ಆಕ್ಟಿಯಾನ್‌ನನ್ನು ಅವನದೇ ಬೇಟೆನಾಯಿಗಳು ಹರಿದು ಹಾಕಿದ್ದನ್ನು ಅಜ್ಜ ನೆನಪಿಸುತ್ತಾನೆ. ಎರಡೂ ಸಾವು ನಾಟಕದಲ್ಲೇ ಇವೆ! ಅವನು ಸತ್ತ ಮರುವರ್ಷವೇ, 405ರಲ್ಲಿ, ಅರಿಸ್ಟೋಫನೀಸ್ ‘ಕಪ್ಪೆಗಳು’ ಆಡಿಸಿದ. ಡಯೋನಿಸಸ್ ದೇವರು ಯೂರಿಪಿಡೀಸನನ್ನು ವಾಪಸ್ ಕರೆತರಲು ಪಾತಾಳಕ್ಕೆ ಹೋಗುವ ನಾಟಕ ಅದು. ನಾಟಕದ ತುಂಬಾ ಯೂರಿಪಿಡೀಸನ ಮೇಲೆ ಜೋಕುಗಳೇ. ನಾಯಿಗಳ ಸುದ್ದಿಯೇ ಇಲ್ಲ. ನಾಯಿ ಕಚ್ಚಿ ಸತ್ತಿದ್ದರೆ ಅರಿಸ್ಟೋಫನೀಸ್ ಸುಮ್ನೆ ಬಿಡುತ್ತಿದ್ದನಾ?

ಈಗ ನಿಮ್ಮ ತಂಡವನ್ನು ಎರಡು ಮಾಡಿದ ವಿಷಯಕ್ಕೆ ಬರೋಣ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಹೆಂಗಸರ ದ್ವೇಷಿ ಎಂಬ ಹೆಸರು ಅಂಟಿದ್ದು ಮುಖ್ಯವಾಗಿ ಅರಿಸ್ಟೋಫನೀಸ್ 411ರಲ್ಲಿ ಆಡಿಸಿದ ಒಂದು ನಾಟಕದಿಂದ. ಹೆಂಗಸರು ಮಾತ್ರ ಸೇರುವ ಥೆಸ್ಮೊಫೋರಿಯಾ ಹಬ್ಬ. ಅಲ್ಲಿ ಅವರು ಯೂರಿಪಿಡೀಸನಿಗೆ ಶಿಕ್ಷೆ ಕೊಡುವ ಬಗ್ಗೆ ಚರ್ಚೆ ಮಾಡುತ್ತಾರೆ. ಅವನು ಹೆದರಿ ತನ್ನ ಮುದುಕ ಸಂಬಂಧಿಕನಿಗೆ ಸೀರೆ ಉಡಿಸಿದಂತೆ ಹೆಣ್ಣುಡುಗೆ ಹಾಕಿಸಿ ಒಳಗೆ ಕಳಿಸುತ್ತಾನೆ. ಹೆಂಗಸರ ದೂರು ಏನು ಗೊತ್ತಾ? ‘ಇವನು ಸುಳ್ಳು ಹೇಳುತ್ತಾನೆ’ ಅನ್ನುವುದಕ್ಕಿಂತ, ‘ಇವನು ನಮ್ಮ ಗುಟ್ಟೆಲ್ಲ ರಟ್ಟು ಮಾಡಿ ಗಂಡಂದಿರನ್ನು ಎಚ್ಚರಿಸಿಬಿಟ್ಟ’ ಅನ್ನುವುದು. ಹಾಸ್ಯದ ಗುರಿ ಎತ್ತ ಕಡೆಗಿದೆ ಅಂತ ನೀವೇ ನೋಡಿ. ಮೋಸ ಮಾಡಿದ ಹೆಂಡತಿಯರ ಕಥೆಯೂ ಇದೇ ಕೊಳದಲ್ಲಿ ಹುಟ್ಟಿದ ಮೀನು. ಹೆಂಡತಿಯ ಪ್ರಿಯಕರ ಅಂತ ಕೆಫಿಸೊಫಾನ್ ಎಂಬವನ ಹೆಸರಿಟ್ಟು ಹಾಸ್ಯ ನಾಟಕಗಳು ಚುಚ್ಚುತ್ತಿದ್ದವು. ಆಮೇಲಿನವರು ಅದನ್ನು ಚರಿತ್ರೆ ಅಂತ ಬರೆದಿಟ್ಟರು.

ಹಾಗಾದರೆ ನಾಟಕ ಏನು ಹೇಳುತ್ತದೆ? ‘ಮೆಡಿಯಾ’ ತೆಗೆಯಿರಿ. ಕಪ್ಪು ಸಮುದ್ರದ ಪೂರ್ವ ತುದಿಯ ಕೊಲ್ಕಿಸ್‌ನ ರಾಜಕುಮಾರಿ ಮೆಡಿಯಾ. ಜೇಸನ್‌ಗೋಸ್ಕರ ತವರನ್ನೇ ತೊರೆದು, ತಮ್ಮನನ್ನೂ ಕೊಂದು ಬಂದವಳು. ಈಗ ಕೊರಿಂತ್ ನಗರದಲ್ಲಿ ಜೇಸನ್ ಅವಳನ್ನು ಬಿಟ್ಟು ಅಲ್ಲಿನ ರಾಜನ ಮಗಳನ್ನು ಮದುವೆಯಾಗುತ್ತಾನೆ. ಮನೆಯಿಂದ ಹೊರಗೆ ಬಂದು ಮೆಡಿಯಾ ಊರಿನ ಹೆಂಗಸರ ಮುಂದೆ ಮಾಡುವ ಮೊದಲ ಭಾಷಣ ಓದಿ. ವರದಕ್ಷಿಣೆ ಕೊಟ್ಟು ಗಂಡನನ್ನು ಕೊಳ್ಳಬೇಕು, ಕೊಂಡವನೇ ನಮ್ಮ ಮೈಗೆ ಯಜಮಾನ. ಒಳ್ಳೆಯವನೋ ಕೆಟ್ಟವನೋ ಮೊದಲೇ ತಿಳಿಯುವ ದಾರಿ ಇಲ್ಲ. ಬೇಜಾರಾದರೆ ಗಂಡಸು ಹೊರಗೆ ಹೋಗುತ್ತಾನೆ, ನಾವು ಒಂದೇ ಮುಖ ನೋಡುತ್ತಾ ಕೂರಬೇಕು. ಯುದ್ಧದಲ್ಲಿ ಈಟಿ ಹಿಡಿಯುವವರು ನಾವು ಅಂತ ಜಂಬ ಕೊಚ್ಚುತ್ತಾರೆ. ಒಂದು ಸಲ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ನಿಲ್ಲುವೆ ನಾನು! ಸ್ವಲ್ಪ ಮುಂದೆ ಮೇಳದ ಹಾಡು ಬರುತ್ತದೆ. ನದಿಗಳು ಹಿಂದಕ್ಕೆ ಹರಿಯುತ್ತಿವೆ, ಹೆಂಗಸರನ್ನು ಮೋಸಗಾತಿಯರೆಂದು ಹಾಡುವ ಹಳೆಯ ಕವಿಗಳ ಹಾಡು ಇನ್ನು ನಿಲ್ಲುತ್ತದೆ, ಅಪೋಲೋ ನಮಗೆ ಹಾಡು ಕಟ್ಟುವ ವರ ಕೊಟ್ಟಿದ್ದರೆ ನಾವೂ ಗಂಡಸರ ಬಗ್ಗೆ ಹಾಡುತ್ತಿದ್ದೆವು ಎಂದು. ಕ್ರಿ.ಪೂ. 431ರಲ್ಲಿ, ಮುಖವಾಡ ತೊಟ್ಟ ಗಂಡಸು ನಟರ ಬಾಯಲ್ಲಿ, ಬಹುಮಟ್ಟಿಗೆ ಗಂಡಸರೇ ತುಂಬಿದ ಬಯಲಿನ ಮುಂದೆ ಬಂದ ಮಾತುಗಳಿವು.

ಇದರರ್ಥ ಅವನು ಸ್ತ್ರೀವಾದಿ ಅಂತಲ್ಲ. ಕರಪತ್ರದಲ್ಲಿ ಅದನ್ನೂ ಬರೆಯಬೇಡಿ, ಇನ್ನೊಂದು ಹಳ್ಳಕ್ಕೆ ಬೀಳುತ್ತೀರಿ. ಅದೇ ‘ಹಿಪ್ಪೊಲಿಟಸ್’ನಲ್ಲಿ ನಾಯಕ ಹೆಂಗಸರನ್ನು ಬೈಯುವ ಒಂದು ಉದ್ದದ ವಾಗ್ದಾಳಿ ಇದೆ, ಓದಿದರೆ ಮೈ ಉರಿಯುತ್ತದೆ. ಅವನು ಎರಡೂ ಕಡೆಯವರಿಗೆ ಪೂರ್ತಿ ಬಾಯಿ ಕೊಡುತ್ತಾನೆ. ಮೆಡಿಯಾ ಜೊತೆ ನಿಮ್ಮನ್ನು ಅರ್ಧ ನಾಟಕ ನಡೆಸಿಕೊಂಡು ಹೋಗಿ, ಅವಳು ಮಕ್ಕಳ ಮೇಲೆ ಕೈ ಮಾಡುವಾಗ ಒಬ್ಬರನ್ನೇ ಬಿಟ್ಟುಬಿಡುತ್ತಾನೆ. ಪಾತ್ರ ಮಾಡುವವರ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕಬೇಡಿ. ಅದನ್ನು ತಾಲೀಮಿನ ಒಳಗೆ ತನ್ನಿ.

ಮಕ್ಕಳನ್ನು ಕೊಲ್ಲುವ ತಾಯಿಯನ್ನು ಅವನೇ ಸೃಷ್ಟಿಸಿದನೇ ಅನ್ನುವುದಕ್ಕೆ ಉತ್ತರ: ಇರಬಹುದು. ಹಳೆಯ ಕಥೆಗಳಲ್ಲಿ ಮಕ್ಕಳನ್ನು ಕೊಂದವರು ಕೊರಿಂತ್‌ನ ಜನ. ಮೆಡಿಯಾ ಬೇಕೆಂದೇ ಕೊಲ್ಲುತ್ತಾಳೆ ಅನ್ನುವುದು ಯೂರಿಪಿಡೀಸನ ತಿರುವು ಅಂತ ಹೆಚ್ಚಿನವರ ಅಭಿಪ್ರಾಯ. ನಿಯೋಫ್ರಾನ್ ಎಂಬ ಇನ್ನೊಬ್ಬ ಕವಿ ಮೊದಲೇ ಮಾಡಿದ್ದ ಎಂಬ ವಾದವೂ ಇದೆ. ಕೊರಿಂತ್‌ನವರು ಐದು ಟ್ಯಾಲೆಂಟ್ ಹಣ ಕೊಟ್ಟು ಕೊಲೆಯನ್ನು ತಮ್ಮ ತಲೆಯಿಂದ ಮೆಡಿಯಾ ತಲೆಗೆ ಹಾಕಿಸಿದರು ಎಂಬ ಗಾಳಿಮಾತೂ ಹಳೆಯ ಟಿಪ್ಪಣಿಗಳಲ್ಲಿದೆ. ಲಂಚದ ಕಥೆ ನಂಬಬೇಡಿ. ಅಂದ ಹಾಗೆ ಆ ವರ್ಷ ‘ಮೆಡಿಯಾ’ ಇದ್ದ ನಾಟಕಗಳ ಗುಂಪಿಗೆ ಸಿಕ್ಕಿದ್ದು ಮೂರನೇ ಸ್ಥಾನ. ಈಸ್ಕಿಲಸನ ಮಗ ಯೂಫೋರಿಯಾನ್ ಮೊದಲು, ಸಾಫೊಕ್ಲೀಸ್ ಎರಡನೆಯವನು. ಯೂಫೋರಿಯಾನ್ ಆ ದಿನ ಆಡಿಸಿದ್ದು ಏನೂ ಉಳಿದಿಲ್ಲ.

ಉಳಿದದ್ದು, ಹೋದದ್ದರ ಲೆಕ್ಕ ನಿಮಗೆ ನಾಟಕ ಆರಿಸಲೂ ಉಪಯೋಗಕ್ಕೆ ಬರುತ್ತದೆ. ಅವನು ಬರೆದದ್ದು 92 ನಾಟಕ ಅಂತ ಹಳೆಯ ಮೂಲಗಳು ಹೇಳುತ್ತವೆ. ಈಗ ಪೂರ್ತಿ ಇರುವುದು 19. ಅದರಲ್ಲಿ ‘ರೀಸಸ್’ ಅವನದಲ್ಲ, ಆಮೇಲೆ ಬೇರೆ ಯಾರೋ ಬರೆದದ್ದು ಅಂತ ಬಹುಪಾಲು ವಿದ್ವಾಂಸರ ಅನುಮಾನ. ಅದನ್ನು ಬಿಟ್ಟರೆ 18. ನಿಮ್ಮ ಎರಡು ಸಂಖ್ಯೆಗಳ ಜಗಳ ಇಷ್ಟೇ. ಈ 18ರಲ್ಲಿ ‘ಸೈಕ್ಲೋಪ್ಸ್’ ದುರಂತ ನಾಟಕವೇ ಅಲ್ಲ. ಮೂರು ಗಂಭೀರ ನಾಟಕ ಮುಗಿದ ಮೇಲೆ ಆಡುತ್ತಿದ್ದ ಕುಚೇಷ್ಟೆಯ ಸೇಟರ್ ನಾಟಕ. ಆ ಜಾತಿಯಲ್ಲಿ ಇಡಿಯಾಗಿ ಉಳಿದಿರುವುದು ಇದೊಂದೇ.

ಈಸ್ಕಿಲಸ್, ಸಾಫೊಕ್ಲೀಸರದ್ದು ತಲಾ ಏಳೇ ಉಳಿದಿವೆ. ಇವನದು ಮಾತ್ರ ಇಷ್ಟು ಹೇಗೆ? ಎರಡು ಕಾರಣ. ಒಂದು, ಸತ್ತ ಮೇಲೆ ಮೂವರಲ್ಲಿ ಇವನೇ ಜಾಸ್ತಿ ಜನಪ್ರಿಯನಾದ. ಅವನ ನಾಟಕಗಳನ್ನು ಮತ್ತೆ ಮತ್ತೆ ಆಡಿದರು, ಶಾಲೆಗಳಲ್ಲಿ ಪಾಠಕ್ಕಿಟ್ಟರು. ಬದುಕಿದ್ದಾಗಲೇ ಹುಚ್ಚು ಹಿಡಿಸಿದ್ದ ಅನ್ನುವುದಕ್ಕೆ ಪ್ಲುಟಾರ್ಕ್ ಒಂದು ಕಥೆ ಹೇಳುತ್ತಾನೆ: 413ರಲ್ಲಿ ಸಿಸಿಲಿಯಲ್ಲಿ ಸೋತು ಸೆರೆಸಿಕ್ಕ ಅಥೆನ್ಸಿನ ಕೆಲವು ಸೈನಿಕರು ಯೂರಿಪಿಡೀಸನ ಸಾಲುಗಳನ್ನು ಹೇಳಿಕೊಟ್ಟೇ ಬಿಡುಗಡೆ ಪಡೆದರಂತೆ. ಹಾಗೆ ಶಾಲೆಗಾಗಿ ಆರಿಸಿದ ಹತ್ತು ನಾಟಕಗಳು ಟಿಪ್ಪಣಿ ಸಮೇತ ನಕಲಾಗುತ್ತಾ ಬಂದವು. ‘ಮೆಡಿಯಾ’, ‘ಹಿಪ್ಪೊಲಿಟಸ್’, ‘ಟ್ರಾಯ್‌ನ ಹೆಂಗಸರು’, ‘ಬ್ಯಾಕೆ’, ‘ಆಲ್ಸೆಸ್ಟಿಸ್’, ಅನುಮಾನದ ‘ರೀಸಸ್’ ಎಲ್ಲ ಈ ಗುಂಪಿನವು.

ಎರಡನೆಯದು ಶುದ್ಧ ಅದೃಷ್ಟ. ಅವನ ಸಮಗ್ರ ನಾಟಕಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದ ಒಂದು ಪ್ರತಿಯ ತುಂಡು ಹೇಗೋ ಬದುಕಿಕೊಂಡಿತು. ಗ್ರೀಕ್ ಅಕ್ಷರಮಾಲೆಯ ಮಧ್ಯದಿಂದ ಒಂದು ಹಿಡಿ ಕಿತ್ತಂತೆ, ನಾಲ್ಕೇ ಅಕ್ಷರಗಳಿಂದ ಶುರುವಾಗುವ ಒಂಬತ್ತು ನಾಟಕಗಳು. ಅವನ್ನೂ ಸೇರಿಸಿ ಬರೆದ 14ನೇ ಶತಮಾನದ ಆರಂಭದ ಹಸ್ತಪ್ರತಿ ಈಗ ಫ್ಲಾರೆನ್ಸಿನ ಲಾರೆನ್ಷಿಯನ್ ಗ್ರಂಥಾಲಯದಲ್ಲಿದೆ. ಥೆಸಲೊನಿಕಿಯ ವಿದ್ವಾಂಸ ಡಿಮಿಟ್ರಿಯಸ್ ಟ್ರಿಕ್ಲಿನಿಯಸ್ ಅದನ್ನು ಕೈಯಾರೆ ತಿದ್ದಿದ್ದಾನೆ. ಅದು ಇಲ್ಲದಿದ್ದರೆ ‘ಹೆಲೆನ್’, ‘ಅಯಾನ್’, ‘ಇಲೆಕ್ಟ್ರಾ’, ಎರಡು ‘ಇಫಿಜೆನಿಯಾ’ ಯಾವುದೂ ನಮಗೆ ಸಿಗುತ್ತಿರಲಿಲ್ಲ.

ಈ ಒಂಬತ್ತನ್ನು ಯಾರೂ ಆರಿಸಲಿಲ್ಲ ಅನ್ನುವುದೇ ನನಗೆ ಮುಖ್ಯ. ಮೇಷ್ಟ್ರುಗಳ ಕೈಗೆ ಸಿಗದ ಯೂರಿಪಿಡೀಸ್ ಇಲ್ಲಿದ್ದಾನೆ. ಇಲ್ಲಿ ತಾಯಿ ಮಗನ ಗುರುತು ಹಿಡಿಯುತ್ತಾಳೆ, ಅಕ್ಕ ತಮ್ಮ ಒಂದಾಗಿ ತಪ್ಪಿಸಿಕೊಳ್ಳುತ್ತಾರೆ, ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲ, ಅಲ್ಲಿದ್ದದ್ದು ಅವಳ ನೆರಳು ಅಂತ ಗೊತ್ತಾಗುತ್ತದೆ. ‘ಅವನದು ಬರೀ ಕತ್ತಲೆ’ ಅನ್ನುವವರು ಈ ಕಡೆ ಬಂದೇ ಇರುವುದಿಲ್ಲ. ಮರಳಿನಡಿಯಿಂದ ಈಗಲೂ ಚೂರುಗಳು ಬರುತ್ತಲೇ ಇವೆ. 2022ರಲ್ಲಿ ಈಜಿಪ್ಟಿನ ಫಿಲಡೆಲ್ಫಿಯಾದ ಒಂದು ಸಮಾಧಿ ಗುಂಡಿಯಲ್ಲಿ ಸಿಕ್ಕ ಪಪೈರಸ್ ಹಾಳೆಯಲ್ಲಿ ಕಳೆದುಹೋಗಿದ್ದ ‘ಇನೊ’, ‘ಪಾಲಿಡಸ್’ ನಾಟಕಗಳ ಸುಮಾರು ನೂರು ಸಾಲುಗಳಿದ್ದವು. ಓದಿ ಪ್ರಕಟಿಸಿದ್ದು 2024ರಲ್ಲಿ.

ಹಾಗಾದರೆ ನೀವು ಏನು ಆಡಬೇಕು? ನನ್ನ ಸಲಹೆ: ‘ಮೆಡಿಯಾ’ ಬಿಡಬೇಡಿ. ತಂಡದಲ್ಲಿ ಜಗಳ ಹುಟ್ಟಿಸಿದ ನಾಟಕ ಪ್ರೇಕ್ಷಕರಲ್ಲೂ ಹುಟ್ಟಿಸುತ್ತದೆ, ಅದು ಒಳ್ಳೆಯದೇ. ಅಪಾಯ ಏನೆಂದರೆ ಇಡೀ ನಾಟಕ ಒಬ್ಬರ ಹೆಗಲ ಮೇಲೆ ನಿಲ್ಲುತ್ತದೆ. ಆ ಪಾತ್ರ ಮಾಡುವವರಿಗೆ ಮನಸ್ಸಿಲ್ಲದಿದ್ದರೆ ಬಲವಂತ ಬೇಡ. ಹೆಂಗಸರ ಸಂಖ್ಯೆ ಜಾಸ್ತಿ ಇದ್ದರೆ ‘ಟ್ರಾಯ್‌ನ ಹೆಂಗಸರು’ ಇದೆ. ಸೋತ ನಗರದ ರಾಣಿ ಹೆಕ್ಯೂಬಾ, ಮಗಳು ಕಸಾಂಡ್ರಾ, ಸೊಸೆ ಆಂಡ್ರೊಮ್ಯಾಕಿ, ಜಗಳದ ಮೂಲವಾದ ಹೆಲೆನ್, ಎಲ್ಲರಿಗೂ ತುಂಬಿದ ಪಾತ್ರ. ಆದರೆ ಕಥೆ ಮುಂದೆ ಓಡುವುದಿಲ್ಲ, ಒಂದರ ಮೇಲೊಂದು ಶೋಕ. ಸಂಗೀತ ಗಟ್ಟಿಯಿಲ್ಲದಿದ್ದರೆ ಪ್ರೇಕ್ಷಕರು ಅರ್ಧಕ್ಕೇ ಸೋಲುತ್ತಾರೆ. ಅದನ್ನು ಆರಿಸಿದರೆ ‘ಮೆಲೋಸ್ ದ್ವೀಪದಲ್ಲಿ ಅಥೆನ್ಸ್ ಮಾಡಿದ ಹತ್ಯಾಕಾಂಡವನ್ನು ಖಂಡಿಸಿ ಬರೆದದ್ದು’ ಅಂತ ಕಣ್ಣುಮುಚ್ಚಿ ಬರೆಯಬೇಡಿ. ಮೆಲೋಸ್ ಬಿದ್ದದ್ದು 416-415ರ ಚಳಿಗಾಲದಲ್ಲಿ, ನಾಟಕ ಆಡಿದ್ದು 415ರ ವಸಂತದಲ್ಲಿ. ಹಬ್ಬದ ತಯಾರಿ ಅದಕ್ಕೂ ಮುಂಚೆಯೇ ಶುರುವಾಗಿರುತ್ತಿತ್ತು. ನೋಡಿದವರಿಗೆ ಮೆಲೋಸ್ ನೆನಪಾಗಿರಬಹುದು, ಅದು ಬೇರೆ ಮಾತು.

‘ಆಲ್ಸೆಸ್ಟಿಸ್’ ಚಿಕ್ಕದು, ಹೊಸ ತಂಡಕ್ಕೆ ಹಗುರ. ಗಂಡನ ಬದಲು ಸಾಯಲು ಒಪ್ಪುವ ಹೆಂಡತಿ, ಅವಳನ್ನು ಸಾವಿನ ಕೈಯಿಂದ ಬಿಡಿಸಿ ತರುವ ಕುಡುಕ ಹೆರಾಕ್ಲೀಸ್. ನಗು ಅಳು ಎರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ನಿರ್ದೇಶಕರು ಎಡವುವುದೇ ಹೆಚ್ಚು. ನಮ್ಮವರು ಸಾವಿತ್ರಿ ಕಥೆ ಅಂದುಕೊಂಡು ಬಂದರೆ ಗಂಡನನ್ನು ನೋಡಿ ಬೆಚ್ಚುತ್ತಾರೆ! ‘ಬ್ಯಾಕೆ’ಯನ್ನು ಮೊದಲ ಪ್ರಯತ್ನಕ್ಕೆ ಇಟ್ಟುಕೊಳ್ಳಬೇಡಿ. ಕೊನೆಯಲ್ಲಿ ಮೂಲದಲ್ಲೇ ಸಾಲುಗಳು ಕಳೆದುಹೋಗಿವೆ, ನೀವು ಹೇಗೋ ತುಂಬಬೇಕಾಗುತ್ತದೆ.

ಕನ್ನಡಕ್ಕೆ ತರುವ ದಾರಿ ಎರಡು, ಎರಡನ್ನೂ ಬಿ.ಎಂ.ಶ್ರೀ ನಡೆದು ತೋರಿಸಿದ್ದಾರೆ. ಸಾಫೊಕ್ಲೀಸನ ‘ಏಜಾಕ್ಸ್’ ಅನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಮಾಡಿದರು. ಈಸ್ಕಿಲಸನ ನಾಟಕವನ್ನು ಹಾಗೇ ಪರ್ಷಿಯಾದಲ್ಲೇ ಇಟ್ಟು ‘ಪಾರಸಿಕರು’ ಮಾಡಿದರು. ‘ಮೆಡಿಯಾ’ವನ್ನು ಇಲ್ಲಿಗೆ ತರುವುದಾದರೆ ಹುಷಾರು. ಅವಳು ಹೊರಗಿನವಳು ಅನ್ನುವುದು ನಾಟಕದ ಬೆನ್ನೆಲುಬು. ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗು ಪ್ರಜೆ ಎಂಬ ಕಾನೂನನ್ನು ಪೆರಿಕ್ಲೀಸ್ 451ರಲ್ಲೇ ತಂದಿದ್ದ. ಪರದೇಶದ ಹೆಂಡತಿಗೆ ನೆಲೆ ಇಲ್ಲ ಅನ್ನುವುದು ಅಲ್ಲಿನ ಪ್ರೇಕ್ಷಕರಿಗೆ ದಿನದ ಅನುಭವ. ನೀವು ಅವಳನ್ನು ಇಲ್ಲಿನ ಯಾವುದೋ ಒಂದು ಸಮುದಾಯದವಳು ಮಾಡಿದರೆ, ಮಕ್ಕಳನ್ನು ಕೊಲ್ಲುವವಳು ಆ ಸಮುದಾಯದವಳಾಗುತ್ತಾಳೆ. ಆ ಗಾಯ ನಾಟಕ ಮುಗಿದ ಮೇಲೂ ಉಳಿಯುತ್ತದೆ. ಕೊರಿಂತ್‌ನಲ್ಲೇ ಇಡಿ ಅಂತ ನಾನು ಹೇಳುತ್ತೇನೆ. ಕನ್ನಡ ಮಾತ್ರ ನಿಮ್ಮೂರಿನದಾಗಿರಲಿ.

ಪಠ್ಯದ ವಿಷಯ. ಯೂರಿಪಿಡೀಸನಿಗೆ ಹಕ್ಕುಸ್ವಾಮ್ಯ ಇಲ್ಲ, ಆದರೆ ಇಂಗ್ಲಿಷ್ ಅನುವಾದಕನಿಗೆ ಇರುತ್ತದೆ. ಇತ್ತೀಚಿನ ಅನುವಾದದಿಂದ ಕನ್ನಡ ಮಾಡಿದರೆ ಅನುಮತಿ ಬೇಕು. ‘ಮೆಡಿಯಾ’ವನ್ನು ಇಂಗ್ಲಿಷಿಗೆ ತಂದ ಗಿಲ್ಬರ್ಟ್ ಮರ್ರೆ 1957ರಲ್ಲಿ ತೀರಿಕೊಂಡರು. ನಮ್ಮ ಕಾನೂನಿನಲ್ಲಿ ಲೇಖಕ ಸತ್ತು 60 ವರ್ಷವಾದ ಮೇಲೆ ಹಕ್ಕು ಮುಗಿಯುತ್ತದೆ, ಆದ್ದರಿಂದ ಅವರದು ಈಗ ಮುಕ್ತ. ಆದರೆ ಅವರದು ಪ್ರಾಸ ಹಾಕಿದ, ಸಿಹಿ ಸುರಿದ ಇಂಗ್ಲಿಷ್. ಅದನ್ನೇ ಕನ್ನಡಿಸಿದರೆ ಮೆಡಿಯಾ ಭಾವಗೀತೆ ಹಾಡುತ್ತಾಳೆ. ಮುಕ್ತವಾಗಿರುವ ಹಳೆಯ ಗದ್ಯ ಅನುವಾದವೊಂದನ್ನು ಆಧಾರ ಮಾಡಿಕೊಳ್ಳಿ. ಅರ್ಥಕ್ಕೆ ಮಾತ್ರ ಹೊಸದೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಕತ್ತರಿ ಹಾಕುವಾಗ ಎಲ್ಲರ ಕಣ್ಣು ಮೊದಲು ಬೀಳುವುದು ಅಥೆನ್ಸಿನ ರಾಜ ಈಜಿಯಸ್ ಬರುವ ದೃಶ್ಯದ ಮೇಲೆ. ಸುಮ್ನೆ ಬಂದು ಹೋಗುತ್ತಾನೆ ಅಂತ ಅರಿಸ್ಟಾಟಲ್ ಕೂಡ ಗೊಣಗಿದ್ದ. ಕತ್ತರಿಸಬೇಡಿ. ಅವನು ಮಕ್ಕಳಿಲ್ಲದೆ ಕೊರಗುವವನು. ಮಕ್ಕಳಿಲ್ಲದ ಗಂಡಸು ಎಷ್ಟು ಸೋತಿರುತ್ತಾನೆ ಅಂತ ಮೆಡಿಯಾ ಎದುರಿಗೇ ನೋಡುತ್ತಾಳೆ, ಅವನು ಹೋದ ಮೇಲೆಯೇ ಮಕ್ಕಳನ್ನು ಕೊಲ್ಲುವ ಮಾತು ಬಾಯಿಬಿಟ್ಟು ಹೇಳುತ್ತಾಳೆ. ಮೇಳದ ಹಾಡುಗಳನ್ನು ಬೇಕಿದ್ದರೆ ಚಿಕ್ಕದು ಮಾಡಿ. ಮೇಳವನ್ನೇ ತೆಗೆದರೆ ಅವಳು ಮಾತಾಡುವುದು ಯಾರ ಹತ್ತಿರ?

ಕರಪತ್ರಕ್ಕೆ ಇಷ್ಟು ಸಾಕು: ‘ಯೂರಿಪಿಡೀಸ್ (ಕ್ರಿ.ಪೂ. 480ರ ದಶಕದಿಂದ 406ರ ಸುಮಾರು) ಅಥೆನ್ಸಿನ ನಾಟಕಕಾರ. ಸುಮಾರು ತೊಂಬತ್ತು ನಾಟಕ ಬರೆದು, ಬದುಕಿದ್ದಾಗ ನಾಲ್ಕು ಸಲ ಮಾತ್ರ ಗೆದ್ದವನು. ಅವನ 18 ನಾಟಕಗಳು ಉಳಿದಿವೆ. 431ರಲ್ಲಿ ಮೊದಲು ಆಡಿದ ‘ಮೆಡಿಯಾ’ ಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಪಡೆಯಿತು.’

ಇನ್ನೊಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಕ್ಕಳ ಪಾತ್ರಕ್ಕೆ ಚಿಕ್ಕವರನ್ನು ಹಾಕಿಕೊಳ್ಳುವುದಾದರೆ ಕೊಲೆಯ ದೃಶ್ಯದ ತಾಲೀಮಿಗೆ ಅವರನ್ನು ಕರೆಯಬೇಡಿ. ಮೂಲದಲ್ಲೂ ಮಕ್ಕಳು ವೇದಿಕೆಯ ಮೇಲೆ ಒಂದು ಮಾತೂ ಆಡುವುದಿಲ್ಲ, ಕೂಗು ಕೇಳುವುದು ಮನೆಯ ಒಳಗಿನಿಂದ. ಅದನ್ನು ಪರದೆಯ ಹಿಂದೆ ದೊಡ್ಡವರಿಂದಲೇ ಹೇಳಿಸಿ.